ಮದ್ದು ತೀರಿದ ಕಾಲ

ನಾನು ಎಂಟು ವರ್ಷದವನಾಗಿದ್ದಾಗ, ಅಂದರೆ 1943ರ ಸುಮಾರಿಗೆ, ಯಲವಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿದಿನ ಸಂಜೆ ಒಂದು ವಿಚಿತ್ರವಾದ ವ್ಯಾಯಾಮ ನಡೆಯುತ್ತಿತ್ತು. ನಮ್ಮ ಅಪ್ಪ ಒಂಟಿನಳಿಗೆಯ ಬಂದೂಕನ್ನು ಹೆಗಲಿಗೇರಿಸಿ ಎದುರು ಗೋಡೆಯ ಮೊಳೆಯೊಂದಕ್ಕೆ ಗುರಿ ಹಿಡಿದು ನಿಲ್ಲುತ್ತಿದ್ದರು. ನಳಿಗೆಯ ತುದಿಯ ಮೇಲೆ ತಾಮ್ರದ ಒಂದು ದುಡ್ಡನ್ನು ಇಡುವುದು ನನ್ನ ಕೆಲಸ. ಅವರು ಕುದುರೆಯನ್ನು ಎಳೆದಾಗ ‘ಟಕ್’ ಎಂದು ಸದ್ದಾಗಬೇಕು, ದುಡ್ಡು ಮಾತ್ರ ಅಲುಗಬಾರದು. ಬಿದ್ದರೆ ಎತ್ತಿಡುವವನೂ ನಾನೇ, ಲೆಕ್ಕ ಹೇಳುವವನೂ ನಾನೇ. ಬಂದೂಕಿನೊಳಗೆ ಗುಂಡು ಇರುತ್ತಿರಲಿಲ್ಲ. ಬರಿದಾದ ಹಳೆಯ ಹಿತ್ತಾಳೆಯ ತೋಟೆಯೊಂದಕ್ಕೆ ತೊಗಲಿನ ಚೂರು ತುರುಕಿ, ಒಳಗಿನ ಮುಳ್ಳು ಮುರಿಯದಂತೆ ಅದನ್ನು ಹಾಕಿಡುತ್ತಿದ್ದರು.

ನಿಜವಾದ ಕಾಡತೂಸುಗಳು ಅವ್ವನ ಟ್ರಂಕಿನಲ್ಲಿ, ಇಳಕಲ್ಲ ಸೀರೆಯ ಅಡಿಯಲ್ಲಿ ಇರುತ್ತಿದ್ದವು. ಅದು ಅವ್ವ ಹಾಕಿದ ಕಟ್ಟಳೆ. ಬಂದೂಕು ಮತ್ತು ಕಾಡತೂಸು ಒಂದೇ ಕೋಣೆಯಲ್ಲಿ ಇರಕೂಡದು. ಒಮ್ಮೆ ಅಪ್ಪ ಮೊಳೆಯನ್ನು ಬಿಟ್ಟು ಗೂಡಿನ ದೀಪಕ್ಕೆ ಗುರಿ ಹಿಡಿದಾಗ ಆಕೆ ಒಳಗಿನಿಂದಲೇ, “ದೀಪಕ್ಕ ಗುರಿ ಹಿಡೀಬ್ಯಾಡ್ರಿ, ಮನೀಗೆ ಒಳ್ಳೇದಲ್ಲ” ಎಂದಳು. ಅಪ್ಪ ಮರುಮಾತಿಲ್ಲದೆ ಮೊಳೆಗೆ ತಿರುಗಿದರು.

ಆಗ ಟ್ರಂಕಿನಲ್ಲಿ ಉಳಿದಿದ್ದವು ನಾಲ್ಕು ಕಾಡತೂಸು. ಯುದ್ಧದ ದಿನಗಳು. ವಿಲಾಯಿತಿಯಿಂದ ಬರುವ ಬೇಟೆಯ ಕಾಡತೂಸು ಹುಬ್ಬಳ್ಳಿಯಲ್ಲಿಯೂ ಸಿಗದಂತಾಗಿತ್ತು. ಹೊಲದಲ್ಲಿ ಜೋಳ ಹಾಲುಗಾಳಾಗಿ ನಿಂತಿದೆ. ಚಿಗರಿಯ ಹಿಂಡು, ಕಾಡುಹಂದಿ ತಪ್ಪದೆ ಬರುತ್ತವೆ. ಅಪ್ಪ ರಾತ್ರಿಯೆಲ್ಲ ಮಂಚಿಕೆಯ ಮೇಲೆ ಕುಳಿತು ಬೆಳಗಿನ ಜಾವ ಮನೆಗೆ ಬಂದು, ನಾಲ್ಕನ್ನೂ ಅವ್ವನ ಕೈಗೆ ಎಣಿಸಿ ಹಿಂದಿರುಗಿಸುತ್ತಿದ್ದರು. ಊರಿನವರು ನಗುತ್ತಿದ್ದರು. “ನಿಮ್ಮ ಬಂದೂಕಿಗೆ ಬಾಯಿ ಹೋಗೇತೇನ್ರಿ?” ಎಂದು ಪಕ್ಕದ ಹೊಲದವರು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ನಗೆಯಿಂದ ನನಗೆ ಆದ ಅವಮಾನವೂ ನೆನಪಿದೆ. ನಮ್ಮ ಅಪ್ಪನಿಗೆ ಗುಂಡು ಹಾರಿಸಲು ಬಾರದು ಎಂದೇ ನಾನೂ ನಂಬಿದ್ದೆ.

ಆ ನಂಬಿಕೆ ಅಲುಗಿದ್ದು ಬಹಳ ವರ್ಷಗಳ ಮೇಲೆ, 1884ರಲ್ಲಿ ಅಚ್ಚಾದ ಧಾರವಾಡದ ಗ್ಯಾಜೆಟಿಯರನ್ನು ಓದುತ್ತಿದ್ದಾಗ. ಧಾರವಾಡದ ಕೋಟೆಯ ಮುತ್ತಿಗೆಯ ಪ್ರಸಂಗ ಅಲ್ಲಿ ಬರುತ್ತದೆ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮಭಾವೂ ಪಟವರ್ಧನ ಮರಾಠರ ದಂಡಿನೊಂದಿಗೆ ಬಂದು ಕೋಟೆಯ ಮುಂದೆ ಬೀಡುಬಿಟ್ಟ. ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ತುಕಡಿ ಅವನ ಜೊತೆಗಿತ್ತು. ಒಳಗೆ ಟೀಪೂ ಸುಲ್ತಾನನ ಕಡೆಯಿಂದ ಬದ್ರುಜ್ಜಮಾನ್ ಖಾನ್ ಕೋಟೆಯನ್ನು ಕಾಯುತ್ತಿದ್ದ. ಮಣ್ಣಿನ ಕೋಟೆ, ಬೇಗ ಬಿದ್ದೀತೆಂದು ಎಲ್ಲರ ಎಣಿಕೆ. ಅದು ಬೀಳಲು ಹಿಡಿದದ್ದು 29 ವಾರ.

ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ ಈ ಕಾಳಗದ ವೃತ್ತಾಂತವನ್ನು 1794ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಮುಂದೆ 1810ರಲ್ಲಿ ಹಿಂದೂ ದೇವತೆಗಳ ಕುರಿತು ದೊಡ್ಡ ಗ್ರಂಥವನ್ನು ಬರೆದವನೂ ಇವನೇ. ಮರಾಠರ ಗೋಲಂದಾಜರ ಕೆಲಸವನ್ನು ಇವನು ಬಣ್ಣಿಸುವ ರೀತಿ ಸ್ವಾರಸ್ಯವಾಗಿದೆ. ತೋಪಿಗೆ ಮದ್ದು ತುಂಬುತ್ತಾರಂತೆ. ಅನಂತರ ಎಲ್ಲರೂ ಕುಳಿತು ಅರ್ಧ ಗಂಟೆ ಹರಟುತ್ತಾರೆ, ಹೊಗೆಬತ್ತಿ ಸೇದುತ್ತಾರೆ. ಆಮೇಲೆ ಒಂದು ಗುಂಡು. ಗೋಡೆಯಿಂದ ಧೂಳು ಚೆನ್ನಾಗಿ ಎದ್ದರೆ ಸಮಾಧಾನ. ಮತ್ತೆ ತುಂಬುವುದು, ಮತ್ತೆ ಹರಟೆ. ನಡುಹಗಲು ಎರಡು ಗಂಟೆ ಊಟಕ್ಕೂ ವಿಶ್ರಾಂತಿಗೂ ಬಿಡುವು. ಇಪ್ಪತ್ತು ತೋಪುಗಳಿಂದ ಈ ರೀತಿ ಹೊಡೆದರೆ ಕೋಟೆ ಏಳು ವರ್ಷದಲ್ಲಿ ಕೈಸೇರೀತು ಎಂದು ಲೆಕ್ಕ ಹಾಕಿ ಅವನೂ ಅವನ ಗೆಳೆಯರೂ ನಕ್ಕರು.

ನಾನೂ ನಗಬೇಕಾಗಿತ್ತು. ಆದರೆ ಆ ಪುಟದಲ್ಲಿ ನನಗೆ ಕಂಡದ್ದು ನಮ್ಮ ಅಪ್ಪ.

ಏಕೆಂದರೆ ಆ ದಂಡಿಗೆ ಮದ್ದು ಇರಲಿಲ್ಲ. ಮರಾಠರ ಉಗ್ರಾಣದಲ್ಲಿ ಮುತ್ತಿಗೆಯ ಸಾಮಗ್ರಿ ಧಾರಾಳವಾಗಿರುತ್ತದೆಂದು ಇಂಗ್ಲಿಷರು ನಂಬಿ ಬಂದಿದ್ದರು. ಮರಾಠರ ಮದ್ದು ಪುಣೆಯಿಂದ ಬರಬೇಕು. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ; ನಡುವೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ; ಎತ್ತು ದಿನಕ್ಕೆ ನಾಲ್ಕು ಹರದಾರಿ ನಡೆದರೆ ಹೆಚ್ಚು. ಬಂದದ್ದು ಸ್ವಲ್ಪ, ಅದೂ ತಡೆದು ತಡೆದು. ಡಿಸೆಂಬರಿನ ಕೊನೆಗೆ ಕರ್ನಲ್ ಫ್ರೆಡರಿಕ್ ಇನ್ನಷ್ಟು ಪಡೆಯೊಂದಿಗೆ ಬಂದ. ಮದ್ದಿನ ಬಡತನ ಅವನಿಂದಲೂ ಹಿಂಗಲಿಲ್ಲ. 1791ರ ಫೆಬ್ರವರಿಯಲ್ಲಿ ಕೋಟೆಗೆ ಲಗ್ಗೆ ಹಾಕಿದರು. ಕಂದಕ ತುಂಬಲು ಹಾಕಿದ ಕಟ್ಟಿಗೆಯ ಹೊರೆಗಳಿಗೆ ಒಳಗಿನವರು ಬೆಂಕಿಯಿಟ್ಟದ್ದರಿಂದ ಅದು ಕೆಟ್ಟಿತು. ಮಾರ್ಚಿಯಲ್ಲಿ ಫ್ರೆಡರಿಕ್ ಅಲ್ಲಿಯೇ ಸತ್ತ. ಆಶಾಭಂಗದಿಂದಲೇ ಸತ್ತನೆಂದು ಅವನ ಜನ ಹೇಳಿಕೊಂಡರು. ಏಪ್ರಿಲಿನಲ್ಲಿ ಬದ್ರುಜ್ಜಮಾನ್ ಖಾನ್ ಕರಾರಿನ ಮೇಲೆ ಕೋಟೆಯನ್ನು ಬಿಟ್ಟುಕೊಟ್ಟ. ಕೋಟೆಯನ್ನು ಕೆಡವಿದ್ದು ತೋಪಿಗಿಂತ ಹೆಚ್ಚಾಗಿ ಒಳಗಿನವರ ಹಸಿವು ಎನ್ನಬೇಕು.

ಭಾವೂ ಬೇಕೆಂದೇ ತಡಮಾಡಿದನೆಂದು ಅನುಮಾನಪಟ್ಟವರೂ ಆಗ ಇದ್ದರು. ಇರಬಹುದು, ಆ ಕಾಲದ ರಾಜಕಾರಣದಲ್ಲಿ ಯಾವುದೂ ಅಸಾಧ್ಯವಲ್ಲ. ಆದರೆ ನಾಳೆಗೆ ಮದ್ದು ಉಂಟೋ ಇಲ್ಲವೋ ತಿಳಿಯದ ಗೋಲಂದಾಜ ಇಂದು ಹೇಗೆ ನಡೆದುಕೊಂಡಾನು? ಹೊಡೆತ ಹೊಡೆತಕ್ಕೂ ನಡುವೆ ಕುಳಿತು ಹೊಗೆಬತ್ತಿ ಸೇದುತ್ತಾನೆ. ದೂರದಿಂದ ನೋಡುವವನಿಗೆ ಅದು ಸೋಮಾರಿತನ. ಅವನಿಗೆ ಅದು ಲೆಕ್ಕ. ಮೂರ್‌ನ ಕಣ್ಣು ಹರಿತವಾದದ್ದು, ಆದರೆ ಮಂಚಿಕೆಯ ಮೇಲೆ ನಾಲ್ಕು ಕಾಡತೂಸಿನೊಂದಿಗೆ ರಾತ್ರಿ ಕಳೆದವನ ಕಣ್ಣಲ್ಲ.

ನಮ್ಮ ಸೀಮೆಯಲ್ಲಿ ಮದ್ದು ಎಂದೂ ಸುಲಭದ ವಸ್ತುವಾಗಿರಲಿಲ್ಲ. ತೋಪನ್ನು ಒಮ್ಮೆ ಎರಕ ಹೊಯ್ದರೆ ಮೂರು ತಲೆಮಾರು ಬಾಳೀತು. ಮದ್ದು ಒಂದು ಮಳೆಗಾಲ ಕಳೆಯುವುದೇ ಕಷ್ಟ. ಪೆಟ್ಲುಪ್ಪು ಹಳ್ಳಿಯ ಹಾಳುಮಣ್ಣನ್ನು ತೊಳೆದು ಬಟ್ಟಿ ಇಳಿಸುವವರಿಂದ ಸಿಗುತ್ತಿತ್ತು. ಇದ್ದಿಲಿಗೆ ಬೇಲಿಯ ಎಕ್ಕದ ಕಡ್ಡಿ ಸಾಕು. ಗಂಧಕ ಮಾತ್ರ ಕಡಲು ದಾಟಿ ಬರಬೇಕು; ಗುಂಡಿನ ಸೀಸದ ಪಾಡೂ ಬಹುಮಟ್ಟಿಗೆ ಹಾಗೆಯೇ. ನಮ್ಮೂರಿನ ಮಗ್ಗುಲಲ್ಲೇ ಇರುವ ಸವಣೂರಿಗೆ 1756ರಲ್ಲಿ ಪೇಶ್ವೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬ್ಯುಸ್ಸಿಯ ತೋಪುಗಳು ಬಂದು ಪಾರುಪತ್ಯ ಮಾಡಬೇಕಾಯಿತು. ಕಡಲಿನ ದಾರಿ ಯಾರ ಕೈಯಲ್ಲಿದೆಯೋ ಮದ್ದು ಅವರ ಕೈಯಲ್ಲಿ.

1857ರ ಮೇಲೆ ಈ ಕೊರತೆಗೆ ಕಾನೂನಿನ ಮುದ್ರೆ ಬಿತ್ತು. ಆ ವರ್ಷದ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಬೇಟೆಯೇ ಬದುಕಾದವರು, ಒಪ್ಪಲಿಲ್ಲ. ನವೆಂಬರಿನ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ನಮ್ಮಲ್ಲಿ ಬಲ್ಲವರು ಬಹಳ. ಅದನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಎಂಬುದು ಇತಿಹಾಸದ ಒಂದು ಚೇಷ್ಟೆ. 1878ರ ಆಯುಧ ಕಾಯಿದೆ ಬಂದ ಮೇಲಂತೂ ಸಾಮಾನ್ಯನ ಮನೆಯಲ್ಲಿ ಬಂದೂಕು ಅಪರೂಪವಾಯಿತು. ಇದ್ದ ಒಂದೆರಡೂ ಬೆಳೆ ಕಾಯುವ ಹೆಸರಿನಲ್ಲಿ, ಎಣಿಸಿ ಕೊಟ್ಟ ಕಾಡತೂಸಿನ ಮೇಲೆ.

ಇದಕ್ಕೆ ಹೊರತಾದ ಒಂದು ಕನ್ನಡ ಸೀಮೆಯನ್ನು ನಾನು ಕಂಡದ್ದು ಮಡಿಕೇರಿಯಲ್ಲಿ ಎರಡು ವರ್ಷ ಅಧ್ಯಾಪಕನಾಗಿದ್ದಾಗ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧದ ಲೈಸೆನ್ಸಿನಿಂದ ವಿನಾಯಿತಿ 1861ರಷ್ಟು ಹಳೆಯದು, ಕಮಿಷನರ್ ಮಾರ್ಕ್ ಕಬ್ಬನ್‌ನ ಕಾಲದ್ದು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕಬ್ಬನ್ ಅದನ್ನು ಕೊಟ್ಟದ್ದು ಪ್ರೀತಿಯಿಂದಲ್ಲ. ಸರಕಾರಕ್ಕೆ ನಿಷ್ಠರೆನಿಸಿದವರಿಗೆ ಸಂದ ಬಹುಮಾನ ಅದು. ಹಲಗಲಿಗೂ ಕೊಡಗಿಗೂ ನಡುವೆ ಇದ್ದ ಅಂತರ ಬರಿಯ ನಾಲ್ಕು ವರ್ಷ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಸೆಪ್ಟೆಂಬರಿನ ಕೈಲ್‌ಮುಹೂರ್ತದಲ್ಲಿ ಕೋವಿಗಳನ್ನು ಸಾಲಾಗಿಟ್ಟು, ತೋಕ್‌ಪೂ ಎಂದು ಅವರು ಕರೆಯುವ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಅನಂತರ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಆ ದಿನ ಹುಡುಗರು ಮೂರು ನಾಲ್ಕು ಈಡು ಹಾಕಿ ಸೋತಿದ್ದರು. ಎಪ್ಪತ್ತು ದಾಟಿದ ಒಬ್ಬರು ಬಂದು ಒಂದೇ ಈಡಿಗೆ ಕಾಯನ್ನು ಒಡೆದರು. “ದಿನಾ ಅಭ್ಯಾಸ ಉಂಟೇ?” ಎಂದು ಕೇಳಿದೆ. “ವರ್ಷಕ್ಕೆ ಇದೊಂದೇ ಈಡು ಮೇಷ್ಟ್ರೇ. ತೋಟೆಗೆ ದುಡ್ಡು ಯಾರು ಕೊಡ್ತಾರೆ? ಮನೇಲಿ ಕೋವಿ ಒರೆಸುವಾಗ ಒಮ್ಮೆ ಎತ್ತಿ ನೋಡ್ತೇನೆ, ಅಷ್ಟೇ” ಎಂದರು. ಗೋಡೆಯ ಮೊಳೆ, ತಾಮ್ರದ ದುಡ್ಡು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಬಡವನ ಗುರಿ ಎಲ್ಲ ಕಡೆಯೂ ಮನೆಯೊಳಗೇ ಕುದುರುತ್ತದೆಯೋ ಏನೋ. 1940ರಲ್ಲಿ ಫ್ರಾನ್ಸಿನಲ್ಲಿ ತೋಪು ಬಂದೂಕುಗಳನ್ನು ಬಿಟ್ಟು ಬಂದ ಇಂಗ್ಲೆಂಡಿನಲ್ಲಿ ಹೋಮ್‌ಗಾರ್ಡಿನ ಮುದುಕರು ಕಸಬರಿಗೆಯ ಹಿಡಿ ಹಿಡಿದು ಕವಾಯತು ಮಾಡಿದರೆಂದು ಓದಿದ್ದೇವೆ. ಅದೇ ಸರಕಾರ ನಮ್ಮಲ್ಲಿ ಕಾಡತೂಸು ಎಣಿಸುತ್ತಿದ್ದ ಕಾಲ ಅದು.

ಅಪ್ಪ ಆ ವರ್ಷ ಮಂಚಿಕೆಯ ಮೇಲಿಂದ ಹಾರಿಸಿದ್ದು ಎರಡೇ ಗುಂಡು. ಎರಡಕ್ಕೂ ಹಂದಿ ಬಿದ್ದಿತ್ತು. ಬೆಳಗ್ಗೆ ಪಕ್ಕದ ಹೊಲದವರು ಬಂದು ಮಾತಿಲ್ಲದೆ ನೋಡಿ ಹೋದರು. ಈ ಸಂಗತಿಯನ್ನು ನಾನು ಹೇಗೋ ಮರೆತು, ನಗೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಮಡಿಕೇರಿಯಿಂದ ರಜೆಗೆ ಬಂದಾಗ ಅವ್ವ ನೆನಪಿಸಿದಳು.

ಯುದ್ಧ ಮುಗಿದು ಕಾಡತೂಸು ಮತ್ತೆ ಪೇಟೆಗೆ ಬಂದರೂ ಅಪ್ಪ ಹೊಸದನ್ನು ಹೆಚ್ಚು ಕೊಳ್ಳಲಿಲ್ಲ. ಸಂಜೆಯ ವ್ಯಾಯಾಮ ಮಾತ್ರ ಕೈ ನಡುಗುವ ತನಕ ನಡೆಯಿತು. 1958ರಲ್ಲಿ ಅವರು ತೀರಿಕೊಂಡ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೊರಟಾಗ ಅವ್ವ ಟ್ರಂಕನ್ನು ತೆರೆದು, ಸೀರೆಯ ಅಡಿಯಿಂದ ಯುದ್ಧಕಾಲದ ಆ ಎರಡನ್ನು ತೆಗೆದು ನನ್ನ ಕೈಗೆ ಎಣಿಸಿಕೊಟ್ಟಳು. ಹಿತ್ತಾಳೆ ಹಸಿರುಗಟ್ಟಿತ್ತು. ಠಾಣೆಯ ರಸೀದಿ ನನ್ನಲ್ಲಿ ಇನ್ನೂ ಇದೆ: ಒಂಟಿನಳಿಗೆಯ ಬಂದೂಕು ಒಂದು, ಕಾಡತೂಸು ಎರಡು.