ಗರ್ಭಕಾಲದ ಎಣಿಕೆಯಲ್ಲಿ ಹುಣ್ಣಿಮೆಗಳು

ಕನ್ನಡದಲ್ಲಿ ‘ತಿಂಗಳು’ ಎಂಬ ಒಂದೇ ಶಬ್ದವು ಚಂದ್ರನನ್ನೂ ಮಾಸವನ್ನೂ ಸೂಚಿಸುತ್ತದೆ. ಬಸುರಿಯ ದಿನಗಳನ್ನು ಎಣಿಸುವುದಕ್ಕೆ ಪ್ರಾಚೀನರಿಗಿದ್ದ ಪಂಚಾಂಗವೂ ಆಕಾಶದ ಆ ತಿಂಗಳೇ. ಆದರೆ ಎಣಿಕೆಯಲ್ಲಿ ಒಂದು ತೊಡಕಿದೆ. ನಮ್ಮ ಆಡುಮಾತಿನಲ್ಲಿ ತಾಯಿ ಮಗುವನ್ನು ‘ನವಮಾಸ’ ಹೊರುತ್ತಾಳೆ; ಋಗ್ವೇದದ ಐದನೆಯ ಮಂಡಲದ 78ನೆಯ ಸೂಕ್ತವಾದರೋ ಹತ್ತು ತಿಂಗಳ ಶಿಶುವು ಸುಖವಾಗಿ ಹೊರಬರಲೆಂದು ಹಾರೈಸುತ್ತದೆ. ಇವುಗಳಲ್ಲಿ ಒಂದು ತಪ್ಪೆಂದು ತಳ್ಳಿಬಿಡುವುದು ಅವಸರವಾದೀತು.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನಗಳು. ಅಂತಹ ಒಂಬತ್ತು ಮಾಸಗಳೆಂದರೆ ಸುಮಾರು 266 ದಿನ. ಗರ್ಭಧಾರಣೆಯಿಂದ ಪ್ರಸವದವರೆಗೆ ಇಂದಿನ ವೈದ್ಯರು ಲೆಕ್ಕಹಾಕುವ ಅವಧಿಯೂ ಬಹುಮಟ್ಟಿಗೆ ಇಷ್ಟೇ. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಅದು 280 ದಿನವಾಗುತ್ತದೆ. ಎಂದರೆ ಒಂಬತ್ತು ಮಾಸಗಳು ಮುಗಿದು ಹತ್ತನೆಯದು ಅರ್ಧದಷ್ಟು ಸಂದಿರುತ್ತದೆ. ಆದುದರಿಂದ ‘ನವಮಾಸ’ವು ತುಂಬಿದ ತಿಂಗಳುಗಳ ಲೆಕ್ಕ, ‘ದಶಮಾಸ’ವು ನಡೆಯುತ್ತಿರುವ ತಿಂಗಳಿನ ಲೆಕ್ಕ ಎಂದು ನಾವು ಭಾವಿಸುತ್ತೇವೆ. ಸುಶ್ರುತಸಂಹಿತೆಯು ಒಂಬತ್ತರಿಂದ ಹನ್ನೆರಡನೆಯ ತಿಂಗಳವರೆಗೆ ಪ್ರಸವಕ್ಕೆ ಅವಕಾಶವೀಯುತ್ತದೆ; ಇಷ್ಟು ಔದಾರ್ಯವನ್ನು ಇಂದಿನ ವೈದ್ಯರು ತೋರಲಾರರು.

ಬೌದ್ಧ ಸಂಪ್ರದಾಯವು ಮಾತ್ರ ಹತ್ತನ್ನು ಪೂರ್ಣಸಂಖ್ಯೆಯಾಗಿಯೇ ಗ್ರಹಿಸಿತು. ಇತರ ಸ್ತ್ರೀಯರು ಒಂಬತ್ತು ಅಥವಾ ಹತ್ತು ತಿಂಗಳಿಗೆ ಹೆರುತ್ತಾರೆ, ಬೋಧಿಸತ್ತ್ವನ ತಾಯಿ ಸರಿಯಾಗಿ ಹತ್ತು ತಿಂಗಳಿಗೆ ಹೆತ್ತಳು ಎಂದು ಮಜ್ಝಿಮನಿಕಾಯದಲ್ಲಿ ಹೇಳಿದೆ. ಥೇರವಾದಿಗಳ ಪರಂಪರೆಯಂತೆ ಮಾಯಾದೇವಿ ಗರ್ಭ ಧರಿಸಿದುದು ಆಷಾಢದ ಹುಣ್ಣಿಮೆಯಂದು, ಹೆತ್ತುದು ವೈಶಾಖದ ಹುಣ್ಣಿಮೆಯಂದು. ನಡುವೆ ಅಧಿಕಮಾಸ ಬಾರದಿದ್ದರೆ ಇದು 295 ದಿನ. ಸಾಮಾನ್ಯ ಗರ್ಭಕ್ಕೆ ಇದು ಒಂದು ತಿಂಗಳಷ್ಟು ಹೆಚ್ಚು. ಇದು ಸೂತಿಕಾಗೃಹದ ಅನುಭವವಲ್ಲ, ಪುಣ್ಯತಿಥಿಗಳನ್ನು ಹೊಂದಿಸಿದ ಲೆಕ್ಕವೆಂದು ನಮಗೆ ತೋರುತ್ತದೆ.

ಹುಣ್ಣಿಮೆಯ ದಿನ ಹೆರಿಗೆಗಳು ಹೆಚ್ಚೆಂಬ ನಂಬಿಕೆ ಇಂದಿಗೂ ಹಲವು ದೇಶಗಳಲ್ಲಿದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1997ರಿಂದ 2001ರವರೆಗೆ ಸಂಭವಿಸಿದ 5,64,039 ಜನನಗಳನ್ನು ಚಂದ್ರನ 62 ಆವರ್ತಗಳೊಡನೆ ತಾಳೆನೋಡಿದವರಿಗೆ ಅದಕ್ಕೆ ಆಧಾರ ದೊರೆಯಲಿಲ್ಲ. ಹುಣ್ಣಿಮೆಯು ಕಾಲವನ್ನು ಅಳೆಯಿತು, ನೋವನ್ನು ತರಲಿಲ್ಲ.

ಈ ಅಳತೆ ಕೇವಲ ಪಂಡಿತರ ಕುತೂಹಲವಲ್ಲ. ಭಾರತದ 1872ರ ಸಾಕ್ಷ್ಯ ಅಧಿನಿಯಮದ 112ನೆಯ ಪ್ರಕರಣವು, ವಿವಾಹಬಂಧ ಮುಗಿದು 280 ದಿನಗಳೊಳಗೆ ಹುಟ್ಟಿದ ಶಿಶುವನ್ನು, ತಾಯಿ ಮರುವಿವಾಹವಾಗದೆ ಉಳಿದಿದ್ದರೆ, ಆ ಪತಿಯ ಔರಸವೆಂದೇ ಅಂಗೀಕರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದೇ ಅಂಕಿ ಉಳಿದಿದೆ. ಪತಿ ತೀರಿದ ಹುಣ್ಣಿಮೆಯಿಂದ ಹತ್ತನೆಯ ಹುಣ್ಣಿಮೆಯಂದು ಹೆತ್ತ ವಿಧವೆಗೆ ಈ ರಕ್ಷೆ ಹದಿನೈದು ದಿನಗಳ ಹಿಂದೆಯೇ ತಪ್ಪಿಹೋಗಿರುತ್ತದೆ. ಮಗುವಿನ ತಂದೆ ಯಾರೆಂಬುದನ್ನು ಆಕೆ ಬೇರೆ ಸಾಕ್ಷ್ಯದಿಂದ ಸ್ಥಾಪಿಸಬೇಕಾಗುತ್ತದೆ.