ಡಿಟಿ104ರ ಜಾಡು ಹಿಡಿದವರು

1960ರ ದಶಕದಲ್ಲಿ ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯಕ್ಕೆ ಬರುತ್ತಿದ್ದ ಸಾಲ್ಮೊನೆಲ್ಲಾ ಮಾದರಿಗಳಲ್ಲಿ ಒಂದು ತಳಿ ಮೇಲಿಂದ ಮೇಲೆ ತಲೆಯೆತ್ತುತ್ತಿತ್ತು. ಅದು ಫೇಜ್ ಟೈಪ್ 29. ಕರುಗಳಲ್ಲೂ ಅದೇ, ಭೇದಿಯಿಂದ ನರಳುವ ಮನುಷ್ಯರಲ್ಲೂ ಅದೇ. ಹಲವು ಔಷಧಗಳಿಗೆ ಅದು ಜಗ್ಗುತ್ತಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥ ಇ.ಎಸ್. ಆಂಡರ್ಸನ್ ದನಗಳಿಗೆ ಕೊಡುವ ಆಂಟಿಬಯಾಟಿಕ್‌ಗಳತ್ತ ಬೊಟ್ಟು ಮಾಡಿದರು. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಪಶುಗಳ ಬೆಳವಣಿಗೆಗಾಗಿ ಮೇವಿಗೆ ಬೆರೆಸಬಾರದೆಂದ 1969ರ ಸ್ವಾನ್ ಸಮಿತಿ ವರದಿಯ ಹಿಂದೆ ಅವರ ವಾದದ ಬಲವಿತ್ತು.

ತಳಿಗಳನ್ನು ಹೀಗೆ ಗುರುತಿಸುವ ಫೇಜ್ ಟೈಪಿಂಗ್ ವಿಧಾನ ಸರಳವೇ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಬಗೆಬಗೆಯ ಫೇಜ್ ವೈರಸ್‌ಗಳ ಹನಿ ಬಿಡುವುದು, ಯಾವ ಹನಿ ಬಿದ್ದಲ್ಲಿ ಬ್ಯಾಕ್ಟೀರಿಯಾ ಸತ್ತವೆಂದು ನೋಡುವುದು. ಸಾಲ್ಮೊನೆಲ್ಲಾದ ಟೈಫಿಮ್ಯೂರಿಯಂ ಎಂಬ ಒಂದೇ ಸೀರೋಟೈಪನ್ನು (ಉಪವರ್ಗವನ್ನು) ಇದು ಇನ್ನೂರಕ್ಕೂ ಹೆಚ್ಚು ಬಗೆಗಳಾಗಿ ಒಡೆಯಿತು. ಆದರೆ ಫೇಜ್‌ಗಳ ದಾಸ್ತಾನು ಇದ್ದದ್ದು ಕೆಲವೇ ಪ್ರಯೋಗಾಲಯಗಳಲ್ಲಿ. ಫಲಿತಾಂಶ ಓದಲು ಪಳಗಿದ ಕಣ್ಣೇ ಬೇಕಿತ್ತು.

ಬ್ರಿಟನ್ನಿನಲ್ಲಿ 1984ರಲ್ಲಿ ಗುರುತಿಸಲಾದ ಡಿಟಿ104 ಎಂಬ ಟೈಫಿಮ್ಯೂರಿಯಂ ತಳಿ ಈ ಪದ್ಧತಿಯ ಹೆಸರಾಂತ ಬೇಟೆ. ಆಂಪಿಸಿಲಿನ್, ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೊಮೈಸಿನ್, ಸಲ್ಫೊನಮೈಡ್, ಟೆಟ್ರಾಸೈಕ್ಲಿನ್ ಐದಕ್ಕೂ ಬಗ್ಗದ ಈ ತಳಿ 1990ರ ದಶಕದಲ್ಲಿ ಖಂಡಗಳನ್ನು ದಾಟಿತು.

ಡಿಟಿ104 ಗುರುತಿಸಲಾದ 1984ರಲ್ಲೇ ಅಮೆರಿಕದಲ್ಲಿ ಶ್ವಾರ್ಟ್ಜ್ ಮತ್ತು ಕ್ಯಾಂಟರ್ ಪಲ್ಸ್‌ಡ್-ಫೀಲ್ಡ್ ಜೆಲ್ ವಿಧಾನವನ್ನು ಪ್ರಕಟಿಸಿದ್ದರು. ಮಾಮೂಲಿ ಜೆಲ್‌ನಲ್ಲಿ ಡಿಎನ್‌ಎಯ ದೊಡ್ಡ ತುಂಡುಗಳು ಬೇರ್ಪಡುವುದಿಲ್ಲ. ವಿದ್ಯುತ್ತಿನ ದಿಕ್ಕನ್ನು ಆಗಾಗ ಬದಲಿಸಿದರೆ, ಇಕ್ಕಟ್ಟಿನ ಓಣಿಯಲ್ಲಿ ಬಿದಿರು ಹೇರಿದ ಗಾಡಿಯಂತೆ ಉದ್ದನೆಯ ತುಂಡು ಪ್ರತಿ ತಿರುವಿಗೂ ತಡೆದು ಹಿಂದುಳಿಯುತ್ತದೆ. ಹೀಗೆ ಮೂಡುವ ಪಟ್ಟಿಗಳ ಸಾಲೇ ತಳಿಯ ಬೆರಳಚ್ಚು. 1992-93ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಹ್ಯಾಂಬರ್ಗರ್‌ನಿಂದ ಹಬ್ಬಿದ ಸೋಂಕಿಗೆ ನಾಲ್ವರು ಮಕ್ಕಳು ಬಲಿಯಾದಾಗ, ರೋಗಿಗಳ ಇ. ಕೋಲಿ ಮತ್ತು ಮಾಂಸದ ಇ. ಕೋಲಿ ಒಂದೇ ಎಂದು ತೋರಿಸಿದ್ದು ಇದೇ ವಿಧಾನ. ಇಂಥ ಬೆರಳಚ್ಚುಗಳನ್ನು ಹೋಲಿಸುವ ಪ್ರಯೋಗಾಲಯಗಳ ಪಲ್ಸ್‌ನೆಟ್ ಜಾಲ 1996ರಲ್ಲಿ ಹುಟ್ಟಿತು. ಡೆನ್ಮಾರ್ಕಿನಲ್ಲಿ 1998ರಲ್ಲಿ ಕ್ವಿನೊಲೋನ್‌ಗೂ ಮಣಿಯದ ಡಿಟಿ104 ಇಪ್ಪತ್ತೈದು ಮಂದಿಯಲ್ಲಿ ದೃಢಪಟ್ಟು, ಇಬ್ಬರು ತೀರಿಕೊಂಡರು. ಜಾಡು ಹಂದಿ ಸಾಕಣೆಯವರೆಗೆ ಹೋಯಿತು.

ಆದರೂ ಡಿಟಿ104ರ ಮುಂದೆ ಪಟ್ಟಿಗಳು ಹೆಚ್ಚಾಗಿ ಸೋತವೆನ್ನಬೇಕು. ಬಹುಪಾಲು ಮಾದರಿಗಳು ಒಂದೇ ಅಚ್ಚಿನವು. ಎಲ್ಲರದೂ ಒಂದೇ ಬೆರಳಚ್ಚಾದರೆ ಪತ್ತೇದಾರಿಕೆ ಎಲ್ಲಿಯದು?

ಪೂರ್ಣ ಜೀನೋಮ್ ಓದತೊಡಗಿದ ಮೇಲೆ ಹಳೆಯ ನಂಬಿಕೆಯೇ ಅಲುಗಿತು. ಬಹುತೇಕ ಸ್ಕಾಟ್ಲೆಂಡಿನವೇ ಆದ 373 ಮಾದರಿಗಳ 2013ರ ಅಧ್ಯಯನ, ಅಲ್ಲಿನ ಜಾನುವಾರುಗಳ ಡಿಟಿ104 ಮತ್ತು ಮನುಷ್ಯರ ಡಿಟಿ104 ಬಹುಮಟ್ಟಿಗೆ ಬೇರೆ ಬೇರೆಯಾಗಿ ಹರಡಿದ್ದವೆಂದು ಹೇಳಿತು. ಸ್ಥಳೀಯ ದನಗಳೇ ಮುಖ್ಯ ಮೂಲ ಎಂಬ ಊಹೆ ಅಲ್ಲಿ ನಿಲ್ಲಲಿಲ್ಲ. ಹಾಗೆಂದು ಆಂಡರ್ಸನ್ ತಪ್ಪಿದರೆನ್ನಲಾಗದು: ಅವರದು ಬೇರೆ ತಳಿ, ಬೇರೆ ಕಾಲ. 2016ರ ಇನ್ನೊಂದು ಅಧ್ಯಯನ 21 ದೇಶಗಳ ಮಾದರಿಗಳನ್ನು ಹೋಲಿಸಿ, ಡಿಟಿ104 ಸುಮಾರು 1948ರಲ್ಲಿ ಔಷಧಗಳಿಗೆ ಮಣಿಯುವ ತಳಿಯಾಗಿಯೇ ಹುಟ್ಟಿ, 1972ರ ಸುಮಾರಿಗೆ ನಿರೋಧಕತೆ ಗಳಿಸಿತೆಂದು ಅಂದಾಜಿಸಿತು. ಈ ಲೆಕ್ಕ ಸರಿಯಾಗಿದ್ದರೆ, ಪ್ರಯೋಗಾಲಯಗಳ ಕಣ್ಣಿಗೆ ಬೀಳುವ ಮುನ್ನ ಅದು ಹನ್ನೆರಡು ವರ್ಷ ಸದ್ದಿಲ್ಲದೆ ಓಡಾಡಿತ್ತು. ಪಲ್ಸ್‌ನೆಟ್ 2019ರಲ್ಲಿ ಜೆಲ್ ಪಟ್ಟಿಗಳನ್ನು ಬದಿಗಿಟ್ಟು ಜೀನೋಮ್ ಓದಿಗೆ ಬದಲಾಯಿತು.