ಹೈದರಾಬಾದ್ ಕಾಲೇಜು ಫುಟ್‌ಬಾಲ್: ಸಿಟಿ ಕಾಲೇಜಿನಿಂದ ಒಲಿಂಪಿಕ್ಸ್‌ವರೆಗೆ, ಒಂದು ಋತು ಹೇಗೆ ಸಾಗುತ್ತದೆ? ಇಲ್ಲಿದೆ ಮಾಹಿತಿ

ಹೈದರಾಬಾದ್: ಹಿಮಾಯತ್‌ನಗರದಿಂದ ಬಶೀರ್‌ಬಾಗ್ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಫತೇ ಮೈದಾನ್, ಅಂದರೆ ಇಂದಿನ ಲಾಲ್ ಬಹದ್ದೂರ್ ಕ್ರೀಡಾಂಗಣ ಸಿಗುತ್ತದೆ. ಆ ಭಾಗದಲ್ಲೇ ನಿಜಾಮ್ ಕಾಲೇಜು ಕೂಡ ಇದೆ. ಇಂದು ಕ್ರಿಕೆಟ್ ಎಂದರೆ ಕುಣಿಯುವ ಈ ನಗರ ಒಂದು ಕಾಲದಲ್ಲಿ ಭಾರತದ ಫುಟ್‌ಬಾಲ್ ರಾಜಧಾನಿಗಳಲ್ಲಿ ಒಂದಾಗಿತ್ತು. ಅದರ ಬೇರು ಇದ್ದದ್ದು ಶಾಲೆ ಮತ್ತು ಕಾಲೇಜುಗಳ ತಂಡಗಳಲ್ಲಿ.

ಸಿಟಿ ಕಾಲೇಜು ಹುಡುಗರ 'ಇಲೆವೆನ್ ಹಂಟರ್ಸ್'

ಮೂಸಿ ನದಿ ದಂಡೆಯ ಸಿಟಿ ಕಾಲೇಜಿನ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ತಂಡವೇ ಇಲೆವೆನ್ ಹಂಟರ್ಸ್. 1909ರಲ್ಲಿ ಹುಟ್ಟಿದ ಸೈಯದ್ ಅಬ್ದುಲ್ ರಹೀಮ್ ಈ ತಂಡದ ಆಟಗಾರರಾಗಿದ್ದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡಕ್ಕೂ ಆಡಿದರು. ಪದವಿ ಮುಗಿಸಿ ಶಿಕ್ಷಕರಾದ ಅವರು ಪಾಠ ಹೇಳಿದ ಶಾಲೆಗಳಲ್ಲಿ ಕಾಚಿಗುಡದ ಶಾಲೆಯೂ ಒಂದು. ಬೆಂಗಳೂರು ರೈಲು ಹತ್ತುವ ಕನ್ನಡಿಗರಿಗೆ ಚಿರಪರಿಚಿತವಾದ ಕಾಚಿಗುಡ ಇದೇ.

1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ಬರೀ ತೆಲುಗು ನಾಡಿನ ವಿಶ್ವವಿದ್ಯಾಲಯವಾಗಿರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದುದರಿಂದ ಅಲ್ಲಿನ ವಿದ್ಯಾರ್ಥಿಗಳಿಗೂ ಉನ್ನತ ಶಿಕ್ಷಣದ ದಾರಿ ಇಲ್ಲಿಗೇ ಬರುತ್ತಿತ್ತು.

ಮೇಷ್ಟ್ರು ಕಲಿಸಿದ ಆಟ

ತರಗತಿಯ ಶಿಸ್ತನ್ನೇ ರಹೀಮ್ ಮೈದಾನಕ್ಕೂ ತಂದರು. ಆಟಗಾರನಿಗೆ ಬಲಗಾಲು ಗಟ್ಟಿಯಿದ್ದರೆ ಎಡಗಾಲಲ್ಲೇ ಚೆಂಡು ಒದೆಯಬೇಕು ಎಂಬ ನಿಯಮದ ಟೂರ್ನಿ ನಡೆಸಿದರು. ಚೆಂಡನ್ನು ಒಬ್ಬನೇ ಇಟ್ಟುಕೊಂಡು ಡ್ರಿಬಲ್ ಮಾಡುವಂತಿಲ್ಲ, ಕೂಡಲೇ ಪಾಸ್ ಕೊಡಬೇಕು ಎಂಬ ಪಂದ್ಯಗಳೂ ಇದ್ದವು. ಎರಡೂ ಕಾಲು ಪಳಗಬೇಕು, ಆಟ ವೇಗ ಪಡೆಯಬೇಕು ಎಂಬುದು ಅವರ ಲೆಕ್ಕಾಚಾರ.

ಈ ಲೆಕ್ಕಾಚಾರ ಫಲ ಕೊಟ್ಟಿತು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ಕೋಚ್ ಆಗಿ ರಹೀಮ್ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡ ಎನಿಸಿತು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಮ್ 1963ರಲ್ಲಿ ನಿಧನರಾದರು. ಅಜಯ್ ದೇವಗನ್ ನಟನೆಯ 2024ರ 'ಮೈದಾನ್' ಸಿನಿಮಾ ಇವರದ್ದೇ ಕಥೆ.

ಕಾಲೇಜು ತಂಡದ ಒಂದು ಋತು ಹೀಗಿರುತ್ತದೆ

ಶೈಕ್ಷಣಿಕ ವರ್ಷ ಶುರುವಾದ ಮೇಲೆ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗ ಆಯ್ಕೆ ಟ್ರಯಲ್ಸ್ ನಡೆಸುತ್ತದೆ. ನಂತರ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ. ನಾಕೌಟ್ ಮಾದರಿಯಾದರೆ ಒಂದು ಸೋಲು ಸಾಕು, ತಂಡದ ವರ್ಷವೇ ಮುಗಿದಂತೆ. ತಿಂಗಳುಗಟ್ಟಲೆ ಮುಂಜಾನೆ ಬೆವರು ಹರಿಸಿದ ಹುಡುಗರು 90 ನಿಮಿಷದಲ್ಲಿ ಮನೆಗೆ ಮರಳಬೇಕಾಗುತ್ತದೆ.

ಆದರೆ ಸೋತ ತಂಡದ ಆಟಗಾರನಿಗೂ ಬಾಗಿಲು ಮುಚ್ಚುವುದಿಲ್ಲ. ಟೂರ್ನಿಯಲ್ಲಿ ಮಿಂಚಿದವರನ್ನು ವಿಶ್ವವಿದ್ಯಾಲಯ ತಂಡದ ಶಿಬಿರಕ್ಕೆ ಕರೆಯುತ್ತಾರೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿಯಲ್ಲಿ ಆಡುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ಎದುರಾಗುವುದೂ ಇಲ್ಲೇ. ವಲಯದಲ್ಲಿ ಮೇಲಿನ ಸ್ಥಾನ ಪಡೆದವರು ಅಖಿಲ ಭಾರತ ಹಂತಕ್ಕೆ ಹೋಗುತ್ತಾರೆ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿಕೊಂಡಿದೆ. ಅದರ ಎರಡನೇ ಆವೃತ್ತಿ 2022ರಲ್ಲಿ ಬೆಂಗಳೂರಿನಲ್ಲಿ ನಡೆದಿತ್ತು.

ಇದರ ನಡುವೆ ಹಾಜರಾತಿ, ಸೆಮಿಸ್ಟರ್ ಪರೀಕ್ಷೆಗಳನ್ನೂ ಸಂಭಾಳಿಸಬೇಕು. ಕ್ರೀಡಾ ಕೋಟಾದ ಸೀಟು, ಮುಂದೆ ಸರ್ಕಾರಿ ಇಲಾಖೆಯ ಕೆಲಸ ಕೇಳುವಾಗ ವಿಶ್ವವಿದ್ಯಾಲಯ ಮಟ್ಟದ ಪ್ರಮಾಣಪತ್ರಕ್ಕೆ ಬೆಲೆ ಇರುವುದರಿಂದ ಬಡ ಕುಟುಂಬದ ಆಟಗಾರರಿಗೆ ಈ ಒಂದು ಋತು ಬದುಕಿನ ಪ್ರಶ್ನೆ.

ಕರ್ನಾಟಕದ ನಂಟು

ಮೈಸೂರು ತಂಡ 1946ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ಅಂದರೆ ಹೈದರಾಬಾದ್‌ಗಿಂತ ಮೊದಲೇ ಬೆಂಗಳೂರು ಆ ಕಪ್ ಎತ್ತಿತ್ತು. 2023ರಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿದೆ.

ಪ್ರಮುಖ ವರ್ಷಗಳು

* 1950-54: ಸಿಟಿ ಪೊಲೀಸ್‌ಗೆ ಸತತ ಐದು ರೋವರ್ಸ್ ಕಪ್
* 1956, 1957: ಸಂತೋಷ್ ಟ್ರೋಫಿ ಹೈದರಾಬಾದ್‌ಗೆ
* 1962: ಜಕಾರ್ತಾದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1 ಗೆಲುವು, ಭಾರತಕ್ಕೆ ಚಿನ್ನ
* 2022: ಹೈದರಾಬಾದ್ ಎಫ್‌ಸಿಗೆ ಐಎಸ್‌ಎಲ್ ಕಿರೀಟ
* 2025: ಆ ಕ್ಲಬ್ ದೆಹಲಿಗೆ ಸ್ಥಳಾಂತರ

ಕಿರೀಟ ಗೆದ್ದ ಮೂರೇ ವರ್ಷಕ್ಕೆ ವೃತ್ತಿಪರ ಕ್ಲಬ್ ಊರು ಬಿಟ್ಟಿತು. ಮಾಲೀಕರು ಬದಲಾದರೆ ಕ್ಲಬ್ ಬೇರೆ ನಗರಕ್ಕೆ ಹೋಗಬಹುದು, ಆದರೆ ಕಾಲೇಜು ತಂಡ ಎಲ್ಲಿಗೂ ಹೋಗುವುದಿಲ್ಲ. ರಹೀಮ್ ಅವರಂತಹ ಮೇಷ್ಟ್ರನ್ನು ಕೊಟ್ಟದ್ದು ಅಂತಹದ್ದೇ ಒಂದು ತಂಡ. ಹೈದರಾಬಾದ್ ಫುಟ್‌ಬಾಲ್ ಮತ್ತೆ ಚಿಗುರಬೇಕಾದರೆ ಶುರುವಾಗಬೇಕಾದದ್ದೂ ಅಲ್ಲಿಂದಲೇ.